ಬೆಂಕಿ ನೀರಿಲ್ಲ

ಸಂಜೆ ಕೆಲಸ ಬಿಟ್ಟ ಮೇಲೆ ಹೆಂಗಸರು ಸಾಲಾಗಿ ನಿಲ್ಲಬೇಕು. ಬಾಗಿಲಲ್ಲಿ ದ್ರಾಕ್ಷಾಯಣಮ್ಮ ಚೊಂಬು ಹಿಡಿದುಕೊಂಡು ನಿಂತಿರುತ್ತಾಳೆ. ಅವಳು ಮೇಲಿನಿಂದ ಹೊಯ್ದ ನೀರನ್ನು ಬೊಗಸೆಯಲ್ಲಿ ಹಿಡಿದು, ಬಾಯಿ ಮುಕ್ಕಳಿಸಿ, ಕಾಲ ಬಳಿ ಇಟ್ಟ ಕಪ್ಪು ತಟ್ಟೆಗೆ ಉಗಿಯಬೇಕು. ಉಗುಳು ಬೆಳ್ಳಗಿದ್ದರೆ ಕೊಬ್ಬರಿ ತಿಂದಿದ್ದಾಳೆ ಎಂದರ್ಥ. ಕಳ್ಳಿ ಎಂದರ್ಥ. ಎಲೆ ಅಡಿಕೆ ಹಾಕಿಕೊಂಡು ಬಿಳಿಯನ್ನು ಕೆಂಪು ಮಾಡಿ ತಪ್ಪಿಸಿಕೊಳ್ಳುತ್ತಾರೆಂದು ಗೋಡೌನಿನೊಳಗೆ ಎಲೆ ಅಡಿಕೆಯನ್ನೂ ನಿಲ್ಲಿಸಿಬಿಟ್ಟಿದ್ದರು. ಹೆಂಗಸರ ಬಾಯೊಳಗೆ ದಿನಾ ಹಣಕಿ ನೋಡುವ ಈ ಕೆಲಸಕ್ಕೆ ಅವರು ಇಟ್ಟ ಹೆಸರು ಚೆಕಿಂಗು.

ಇದು ತಿಪಟೂರಿನ ಸರ್ವಮಂಗಳ ಭಂಡಾರದ ಹಿಂದಿನ ಕೊಬ್ಬರಿ ಗೋಡೌನು. ಎಮರ್ಜೆನ್ಸಿ ಮುಗಿದು ನಾಲ್ಕೈದು ವರ್ಷವಾಗಿತ್ತು. ಭಂಡಾರ ಅಂದರೆ ಒಂದೇ ಅಂಗಡಿಯಲ್ಲ. ತಿಪಟೂರಲ್ಲೊಂದು, ತುರುವೇಕೆರೆಯಲ್ಲೊಂದು, ಚಿಕ್ಕನಾಯಕನಹಳ್ಳಿಯಲ್ಲೊಂದು, ಹುಳಿಯಾರಲ್ಲೊಂದು. ನಾಲ್ಕಕ್ಕೂ ಒಂದೇ ಹಸಿರು ಬೋರ್ಡು, ಒಬ್ಬನೇ ಯಜಮಾನ, ಮಲ್ಲಿಕಾರ್ಜುನಯ್ಯ. ಎಣ್ಣೆ, ಬೆಲ್ಲ, ಸೀಮೆಎಣ್ಣೆ, ಸೋಪು, ಸೀರೆ, ಮದುವೆಯ ಪಾತ್ರೆ, ಎಲ್ಲ ಅಲ್ಲೇ ಸಿಗುತ್ತಿತ್ತು. ಸುತ್ತಲಿನ ಸಣ್ಣ ಅಂಗಡಿಗಳೆಲ್ಲ ಒಂದೊಂದಾಗಿ ಬಾಗಿಲು ಹಾಕಿಕೊಳ್ಳುತ್ತಿದ್ದವು.

ಮಾಯಿಗೊಂಡನಹಳ್ಳಿಯ ಕೇರಿಯ ಬೋರಮ್ಮ ಆ ಗೋಡೌನಿನಲ್ಲಿ ಚಿಪ್ಪು ಒಡೆದು ಒಡೆದೇ ಮುದುಕಿಯಾಗುತ್ತಿದ್ದವಳು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಗಂಡಸರು ಸುಲಿದು ರಾಶಿ ಹಾಕುತ್ತಾರೆ. ಹೆಂಗಸರು ಕುಕ್ಕರುಗಾಲಲ್ಲಿ ಕೂತು ಮಚ್ಚಿನ ಬೆನ್ನಿನಿಂದ ಚಿಪ್ಪು ಒಡೆಯುತ್ತಾರೆ. ಒಳಗಿನ ಕೊಬ್ಬರಿ ಉಂಡೆಯಾಗಿ ಇಡಿಯಾಗಿ ಬರಬೇಕು, ಸೀಳಿದರೆ ಬೈಗುಳ. ಚಿಪ್ಪಿನ ಚೂರು ಅಂಗೈಗೆ ನಾಟುತ್ತದೆ, ಕಣ್ಣಿಗೆ ಹಾರುತ್ತದೆ. ಸಾಯಂಕಾಲ ಎದ್ದು ನಿಂತರೆ ಮಂಡಿ ಮಾತು ಕೇಳುವುದಿಲ್ಲ. ಇಷ್ಟು ಕೊಬ್ಬರಿ ಮುಟ್ಟಿದ ಕೈಯ ಮನೆಯಲ್ಲಿ ಸಾರಿಗೆ ಹಾಕಲು ಒಂದು ಚೂರು ಕೊಬ್ಬರಿ ಇರುತ್ತಿರಲಿಲ್ಲ.

ಬೋರಮ್ಮನ ಸೊಸೆ ರಾಮಲಕ್ಷ್ಮಿಯೂ ಅಲ್ಲೇ ಕೆಲಸಕ್ಕೆ ಬರುತ್ತಿದ್ದಳು. ಏಳು ತಿಂಗಳ ಬಸುರಿ. ಮನೆಯಲ್ಲಿ ಕೂರು ಅಂದರೆ ಕೂತು ತಿನ್ನುವಂಥ ಮನೆಯೇ ಅದು? ಆವತ್ತು ಏನಾಯಿತೋ, ಅವಳ ಮುಂದೆ ಒಂದು ಉಂಡೆ ಸೀಳಿತು. ಉಗುರಿನಷ್ಟು ಚೂರನ್ನು ಬಾಯಿಗೆ ಹಾಕಿಕೊಂಡಳು. ಬಸುರಿಯ ಬಾಯಿ, ಬಯಸಿತು, ತಿಂದಿತು. ಮಧ್ಯಾಹ್ನ ತಲೆ ಸುತ್ತಿ, ಬೇಗ ಮನೆಗೆ ಹೋಗುತ್ತೇನೆಂದು ಬಾಗಿಲಿಗೆ ಬಂದಾಗ ತಟ್ಟೆ ಬೆಳ್ಳಗಾಯಿತು.

ಬೇರೆ ದಿನವಾಗಿದ್ದರೆ ಅರ್ಧ ದಿನದ ಕೂಲಿ ಹಿಡಿದು ಬಿಡುತ್ತಿದ್ದರು. ಆವತ್ತು ಯಜಮಾನ ಅಲ್ಲೇ ಇದ್ದ. ಮಲ್ಲಿಕಾರ್ಜುನಯ್ಯ ಕೂಗಾಡುವ ಜನವಲ್ಲ. ತಟ್ಟೆ ನೋಡಿದ. ರಾಮಲಕ್ಷ್ಮಿಯನ್ನು ನೋಡಿದ. ಕೊಬ್ಬರಿ ಮೂಟೆ ಹೇರಲು ಬಂದಿದ್ದ ಗಾಡಿಯವನ ಕಡೆ ತಿರುಗಿ, "ಉಳೋವಾಗ ಎತ್ತು ಪಕ್ಕದ ಪೈರಿಗೆ ಬಾಯಿ ಹಾಕಿದ್ರೆ ಏನಪ್ಪ ಮಾಡ್ತೀಯ?" ಎಂದು ನಗುತ್ತ ಕೇಳಿದ. ಗಾಡಿಯವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವನು ಗಾಡಿಯಿಂದ ಕುಕ್ಕೆ ತಂದುಕೊಟ್ಟ. ಎತ್ತಿನ ಮೂತಿಗೆ ಕಟ್ಟುವ ತೆಂಗಿನ ನಾರಿನ ಬಲೆ. ಎತ್ತಿನ ಜೊಲ್ಲು ಒಣಗಿ ಗರಿಗರಿಯಾಗಿತ್ತು.

ಅದನ್ನು ರಾಮಲಕ್ಷ್ಮಿಯ ಬಾಯಿಗೆ ಕಟ್ಟಿ, ಮುಂದುಗಡೆ ಭಂಡಾರದ ಬಾಗಿಲಲ್ಲಿ ನಿಲ್ಲಿಸಿದರು. ಜನ ಬಂದರು, ಹೋದರು. ಒಬ್ಬ ನಕ್ಕ. ಇನ್ನೊಬ್ಬಳು ಪಾಪ ಅಂದಳು. ಪಾಪ ಅಂದವಳೂ ಒಳಗೆ ಹೋಗಿ ಸೋಪು ಕೊಂಡುಕೊಂಡು ಮನೆಗೆ ಹೋದಳು.

ಬೋರಮ್ಮ ಆಗ ಅಟ್ಟದ ಮೇಲೆ ಕಾಯಿ ಹೊರಳಿಸುತ್ತಿದ್ದಳು. ಅವಳಿಗೆ ಯಾರೂ ಹೇಳಲಿಲ್ಲ. ಸಂಜೆ ಇಳಿದು ಬಂದು, ಮುಕ್ಕಳಿಸಿ ಉಗಿದು, ಹೊರಗೆ ಬಂದಾಗ ಕಂಡಿತು. ಅವಳು ಅಳಲಿಲ್ಲ, ಕಿರುಚಲಿಲ್ಲ. ಹೋಗಿ ಸೊಸೆಯ ತಲೆಯ ಹಿಂದಿನ ಗಂಟಿಗೆ ಕೈ ಹಾಕಿದಳು. ಬೆವರಿಗೆ ನೆನೆದ ಗಂಟು ಉಗುರಿಗೆ ಬಗ್ಗಲಿಲ್ಲ.

"ಬಿಚ್ಚಬ್ಯಾಡ ಕಣೇ ಬೋರಮ್ಮ. ಯಜಮಾನ್ರು ಹೇಳಿಲ್ಲ. ನನ್ ಕೂಳು ಹೋಯ್ತದೆ" ಎಂದು ದ್ರಾಕ್ಷಾಯಣಮ್ಮ ಓಡಿ ಬಂದಳು. ಯಜಮಾನನ ದೂರದ ನೆಂಟಳು, ಗಂಡ ಸತ್ತವಳು, ಆ ಚೊಂಬು ಹಿಡಿದೇ ಹೊಟ್ಟೆ ಹೊರೆಯುತ್ತಿದ್ದವಳು.

"ನಿನ್ ಕೂಳಿಗೆ ಬೆಂಕಿ ಬೀಳ" ಅಂದಳು ಬೋರಮ್ಮ. ಹಲ್ಲಿನಲ್ಲಿ ಕಚ್ಚಿ ಗಂಟು ಬಿಡಿಸಿದಳು.

ಸೊಸೆಯ ಕೆನ್ನೆಯ ಮೇಲೆ ಬಲೆಯ ಗೆರೆ ಮೂಡಿತ್ತು. ಕೇರಿಯ ಹತ್ತಿರ ಬಂದಾಗ ರಾಮಲಕ್ಷ್ಮಿ, "ಅತ್ತೆ, ಮಗೀಗೆ ಏನೂ ಆಗಾಕಿಲ್ಲ ಅಲ್ವಾ?" ಅಂದಳು. ಬೋರಮ್ಮ ಸೊಸೆಯ ಸೆರಗು ಸರಿಮಾಡಿದಳು. "ಏನೂ ಆಗಾಕಿಲ್ಲ ಬುಡು" ಅಂದಳು.

ಮಾರನೆಯ ದಿನ ಕೇರಿಯಿಂದ ಒಬ್ಬ ಹೆಂಗಸೂ ಗೋಡೌನಿಗೆ ಹೋಗಲಿಲ್ಲ. ಹುಣಸೆ ಮರದ ಕೆಳಗೆ ಎಲ್ಲರೂ ಕೂತರು. ತುರುವೇಕೆರೆಯಿಂದ ಹನುಮಂತಯ್ಯ ಮೇಷ್ಟ್ರು ಸೈಕಲ್ಲು ತುಳಿದುಕೊಂಡು ಬಂದರು. ಇದೇ ಕೇರಿಯವರು, ಓದಿ ಮೇಷ್ಟ್ರಾದವರು, ಸುತ್ತಲ ಕೇರಿಗಳಲ್ಲಿ ಸಂಘ ಕಟ್ಟುತ್ತಿದ್ದವರು.

"ಕೆಲಸಕ್ಕೂ ಹೋಗ್ಬೇಡಿ, ಸಾಮಾನಿಗೂ ಹೋಗ್ಬೇಡಿ" ಅಂದರು ಮೇಷ್ಟ್ರು. "ಭಂಡಾರದ ಅರ್ಧ ವ್ಯಾಪಾರ ನಮ್ಮ ಕೇರಿಗಳದ್ದು. ನಮ್ಮ ಕಾಸು ಅವನಿಗೆ ಬೇಕು. ನಾಲ್ಕೂ ಊರಲ್ಲಿ ಒಂದೇ ಸಲ ನಿಲ್ಲಿಸಿದ್ರೆ ಅವನೇ ಬಂದು ಕೇಳ್ತಾನೆ."

ಯಾರೂ ತಟ್ಟನೆ ಹೂಂ ಅನ್ನಲಿಲ್ಲ. ಅದಕ್ಕೆ ಕಾರಣವಿತ್ತು. ಆ ಸೀಮೆಯಲ್ಲಿ ಕೇರಿಯವರನ್ನು ಒಳಗೆ ಬಿಟ್ಟುಕೊಂಡ ಮೊದಲನೆಯ ಅಂಗಡಿ ಆ ಭಂಡಾರವೇ. ಊರೊಳಗಿನ ಶಂಭುಲಿಂಗಯ್ಯನ ಅಂಗಡಿಯಲ್ಲಿ ಮೆಟ್ಟಿಲ ಕೆಳಗೆ ನಿಂತು ಸೆರಗು ಒಡ್ಡಬೇಕು, ಅವನು ಮೇಲಿನಿಂದ ಉದುರಿಸುತ್ತಾನೆ. ಭಂಡಾರದಲ್ಲಿ ಹಾಗಿಲ್ಲ. ಬೋರಮ್ಮ ಮೊದಲ ಸಲ ಒಳಗೆ ಕಾಲಿಟ್ಟಾಗ ಮೇಲೆ ಫ್ಯಾನು ತಿರುಗುತ್ತಿತ್ತು. "ಮುಟ್ಟಿ ನೋಡಮ್ಮ, ಬಣ್ಣ ಹೋಗಲ್ಲ" ಎಂದು ಬಟ್ಟೆಯ ಕಡೆಯವನು ಸೀರೆ ಬಿಚ್ಚಿ ಹಾಸಿದ್ದ. ಅಂಗೈ ಒರಟಿಗೆ ನೂಲು ಎದ್ದೀತೆಂದು ಅವಳು ಮುಂಗೈಯಿಂದ ಸವರಿದ್ದಳು. ಆವತ್ತು ದಾರಿಯುದ್ದಕ್ಕೂ ಹುಚ್ಚಿಯ ಹಾಗೆ ತನ್ನಷ್ಟಕ್ಕೆ ನಗುತ್ತ ಬಂದಿದ್ದಳು. ಮುಂಬಾಗಿಲಲ್ಲಿ ಅಮ್ಮ ಅನ್ನಿಸುತ್ತಿದ್ದವನೇ ಹಿಂಬಾಗಿಲಲ್ಲಿ ಬಾಯಿಗೆ ಕುಕ್ಕೆ ಹಾಕಿಸಿದ. ಎರಡೂ ಬಾಗಿಲಿಗೆ ಯಜಮಾನ ಒಬ್ಬನೇ. ಇದನ್ನು ಹೇಗೆ ನುಂಗಿಕೊಳ್ಳುವುದೋ ಬೋರಮ್ಮನಿಗೆ ತಿಳಿಯಲಿಲ್ಲ.

"ಭಂಡಾರ ಬುಟ್ರೆ ಮತ್ತೆ ಶಂಭುಲಿಂಗಯ್ಯನ ಮೆಟ್ಲೇ ಗತಿ" ಎಂದು ಒಬ್ಬ ಗೊಣಗಿದ.

ಆಗ ರಾಮಲಕ್ಷ್ಮಿ ಬಾಯಿ ತೆರೆದಳು. "ನಾನು ಸತ್ರೂ ಆ ಅಂಗ್ಡಿ ಸಾಮಾನು ನನ್ ಮನೆಗೆ ಬರಕೂಡದು. ನನ್ನ ಬಾಣಂತನಕ್ಕೂ ಬ್ಯಾಡ. ಬ್ಯಾರೇರ ಮಾತು ನಂಗೊತ್ತಿಲ್ಲ."

ಅಷ್ಟೇ ಸಾಕಾಯಿತು. ಎಲ್ಲರೂ ಬೋರಮ್ಮನ ಮನೆಯ ದೀಪ ಮುಟ್ಟಿ ಮಾತು ಕೊಟ್ಟರು. ಬೋರಮ್ಮ ಮಾತ್ರ ಒಂದು ಮಾತು ಸೇರಿಸಿದಳು. "ನಾವು ಹೋಗಾದು ಬ್ಯಾಡ. ಆದ್ರೆ ಹೋದೋರಿಗೆ ಬೆಂಕಿ ನೀರಿಲ್ಲ ಅಂತ ಮಾತ್ರ ಅನ್ನಬ್ಯಾಡಿ. ಆ ಮಾತು ನಮ್ ಬಾಯಲ್ಲಿ ಬರಬಾರ್ದು ಕಣ್ರಪ್ಪ."

ಯಾಕೆ ಎಂದು ಕೇಳುವ ಅಗತ್ಯ ಯಾರಿಗೂ ಇರಲಿಲ್ಲ. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ಕೇರಿಯವರು ಸತ್ತ ಎಮ್ಮೆ ಹೊರುವುದಿಲ್ಲ ಅಂದಿದ್ದರು. ಊರು ಕೇರಿಗೆ ಬಹಿಷ್ಕಾರ ಹಾಕಿತು. ಕೇರಿಯವರಿಗೆ ಬೆಂಕಿ ಕೊಡಬಾರದು, ನೀರು ಕೊಡಬಾರದು, ಕೂಲಿಗೆ ಕರೆಯಬಾರದು, ಉಪ್ಪು ಮಾರಬಾರದು. ಅದನ್ನು ತಮಟೆ ಹೊಡೆದು ಸಾರಿದವನು ಯಾರು? ಬೋರಮ್ಮನ ಮಾವ. ಊರಿನ ತಮಟೆ ಆ ಮನೆಯದು, ಮಾತು ಊರಿನವರದು. ತನ್ನ ಮನೆಗೆ ಬೆಂಕಿ ನೀರಿಲ್ಲ ಎಂದು ತಾನೇ ಬೀದಿ ಬೀದಿ ಕೂಗಿ ಬಂದು ಆ ಮುದುಕ ಗೋಡೆಗೆ ಮುಖ ಮಾಡಿ ಮಲಗಿದ್ದ. ಬೋರಮ್ಮನ ಚೊಚ್ಚಲು ಕೂಸು ಆ ಬಹಿಷ್ಕಾರದಲ್ಲೇ ಹೋಯಿತು. ಎದೆಯಲ್ಲಿ ಹಾಲಿರಲಿಲ್ಲ. ಹೊಟ್ಟೆಗಿದ್ದರೆ ತಾನೇ ಎದೆಗೆ ಬರುವುದು?

ಈಗ ಆ ತಮಟೆ ಬೋರಮ್ಮನ ಮಗ ಗೂಳಯ್ಯನ ಕೈಯಲ್ಲಿತ್ತು. ರಾಮಲಕ್ಷ್ಮಿಯ ಗಂಡ. ಕೇರಿಯೊಳಗೆ ಮಾತ್ರ ಹೊಡೆದು ಸುದ್ದಿ ತಿಳಿಸಿ ಬಾ ಎಂದು ಮೇಷ್ಟ್ರು ಅವನಿಗೆ ಹೇಳಿದರು.

ಗೂಳಯ್ಯ ಹೊರಟ. ಹೆಂಡತಿಯ ಕೆನ್ನೆಯ ಗೆರೆಯೇ ಕಣ್ಣ ಮುಂದಿತ್ತು. ಕೈ ಬಡಿಯುತ್ತಿತ್ತು, ಕಾಲು ತನ್ನ ಪಾಡಿಗೆ ನಡೆಯುತ್ತಿತ್ತು. ಆ ಕಾಲಿಗೆ ಗೊತ್ತಿದ್ದ ದಾರಿ ಒಂದೇ. ಊರ ಚಾವಡಿಯಿಂದ ಶುರು, ಅರಳಿಕಟ್ಟೆ ಸುತ್ತಿ, ಮೇಲಿನ ಬೀದಿ, ಕೆಳಗಿನ ಬೀದಿ. ಆ ಬಾಯಿಗೆ ಗೊತ್ತಿದ್ದ ಮಾತೂ ಒಂದೇ. "ಕೇಳ್ರಪ್ಪೋ ಕೇಳ್ರಿ! ಇವತ್ತಿನಿಂದ ಭಂಡಾರದಲ್ಲಿ ಯಾರೂ ಏನೂ ತರಕೂಡದು! ತಂದೋರಿಗೆ ಬೆಂಕಿ ನೀರಿಲ್ಲಾ!" ಕೆಳಗಿನ ಬೀದಿಯ ಕೊನೆಗೆ ಬಂದಾಗ ಅವನಿಗೆ ತಾನೇನು ಮಾಡಿದೆನೆಂದು ಹೊಳೆಯಿತು. ಆಗಲೇ ಪಕ್ಕದೂರಿನ ಗಡಿಯಲ್ಲಿ ಅಲ್ಲಿಯ ತಮಟೆಯವನು ಎದ್ದು ನಿಂತಿದ್ದ. ಒಂದು ಊರಿನ ಸಾರುವಿಕೆಯನ್ನು ಗಡಿಯಲ್ಲಿ ಮುಂದಿನೂರಿನವನು ಎದುರುಗೊಂಡು ತನ್ನೂರಿಗೆ ಒಯ್ಯುವುದು ಹಿಂದಿನಿಂದ ಬಂದ ಪದ್ಧತಿ. ಅವನು ಒಯ್ದ. ಅವನಿಂದ ಇನ್ನೊಬ್ಬ ಒಯ್ದ.

ಆಗ ನಡೆದದ್ದನ್ನು ಏನು ಹೇಳೋದು! ತಮಟೆ ಹೊಡೆದಿದೆ ಅಂದಮೇಲೆ ಅದು ದೊಡ್ಡವರ ಮಾತೇ ಇರಬೇಕು ಎಂದು ಊರಿಗೆ ಊರೇ ನಂಬಿತು. ತಮಟೆ ಹೊಡೆಯುವವನಿಗೆ ತನ್ನದೇ ಒಂದು ಮಾತಿರಬಹುದು ಎಂದು ಯಾರ ತಲೆಗೂ ಹೊಳೆಯಲಿಲ್ಲ. ಗೌಡರ ಮನೆಯ ಹೆಂಗಸರು ಬಸ್ಸಿಗೆ ನಿಂತವರು ವಾಪಸ್ಸು ಬಂದರು. ಭಂಡಾರದ ಮುಂದೆ ನಾಯಿ ಮಲಗಿತು. ಕೇರಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಲೇ ಗೂಳ, ಊರನ್ನೇ ಆಳ್ಬುಟ್ಯಲ್ಲೋ!" ಅಂದರು. ಬೋರಮ್ಮ ನಗಲಿಲ್ಲ. "ಆ ಮಾತು ಬ್ಯಾಡ ಅಂದಿದ್ನಲ್ಲೋ" ಅಂದಳು. "ಬಾಯಿಗೆ ಬಂದ್ಬುಡ್ತು ಕಣವ್ವ" ಎಂದು ಗೂಳಯ್ಯ ತಲೆ ತಗ್ಗಿಸಿದ.

ಊರಿನಲ್ಲಿ ಶಂಭುಲಿಂಗಯ್ಯನೊಬ್ಬನಿಗೆ ಅನುಮಾನ ಬಂತು. ಅವನು ಅಂಗಡಿಯವನಷ್ಟೇ ಅಲ್ಲ, ಚಾವಡಿಯಲ್ಲಿ ಕೂತು ನ್ಯಾಯ ಹೇಳುವ ಯಜಮಾನನೂ ಹೌದು. ತಾನು ಹೇಳದೆ ಸಾರಿದ್ದು ಯಾರೆಂದು ಅವನಿಗೆ ತಿಳಿಯದೆ ಇರುತ್ತದೆಯೇ? ಆದರೆ ನೊಣ ಹೊಡೆಯುತ್ತಿದ್ದ ಅವನ ಅಂಗಡಿಯ ಮುಂದೆ ಜನವೋ ಜನ. ಅವನು ಬಾಯಿ ಮುಚ್ಚಿಕೊಂಡ. ಯಾರೋ ಕೇಳಿದ್ದಕ್ಕೆ, "ಹೌದು, ನಾವೇ ಸಾರಿಸಿದ್ದು. ಹೆಣ್ಣುಮಕ್ಕಳ ಮರ್ಯಾದೆ ಅನ್ನೋದು ಬ್ಯಾಡವೇನ್ರಯ್ಯ" ಅಂದುಬಿಟ್ಟ. ಮೇಷ್ಟ್ರ ಸಭೆಗೂ ಬಂದು, ದೂರದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ದೊಡ್ಡ ವ್ಯಾಪಾರಸ್ಥರ ಸೊಕ್ಕಿನ ಮೇಲೆ ಭಾಷಣ ಮಾಡಿದ. ಅವನಿಗೆ ಕೊಟ್ಟ ಚಹಾದ ಲೋಟ ಮಾತ್ರ ಸಭೆ ಮುಗಿದರೂ ತುಂಬಿದ ಹಾಗೇ ಇತ್ತು.

ಒಂದು ಬೆಳಿಗ್ಗೆ ಕೆಂಕೆರೆ ಕಡೆಯ ಹಟ್ಟಿಯಿಂದ ಕಾಳಕ್ಕ ನಡೆದುಕೊಂಡು ಬಂದಳು. ಕುರಿ ಕಾಯುವವಳು, ಬೋರಮ್ಮನಿಗೆ ಸಂತೆಯ ಪರಿಚಯ. ಬಂದವಳು ಕೂರಲಿಲ್ಲ.

"ಹುಳಿಯಾರ್ ಭಂಡಾರದಾಗೆ ಒಂದ್ ಸೇರು ಉಪ್ಪು ತಂದಿದ್ದೆ ಕಣವ್ವ. ನಂಗೆ ತಿಳೀದು, ನಾನು ಕುರಿ ಹಿಂದ್ಗಡೆ ಕಾಡಾಗಿದ್ದೆ. ಹಟ್ಟಿಯೋರು ಬೆಂಕಿ ನೀರಿಲ್ಲ ಅಂತ ಕಟ್ಟು ಹಾಕವ್ರೆ. ಬಾವಿ ತಾವ ಬುಡ್ತಿಲ್ಲ. ನನ್ ಮಗಳೇ ಬಾಗ್ಲು ಹಾಕ್ಕಂಡ್ಲು. ಎಲ್ಲಿಂದ ಬಂತು ಈ ಸುದ್ದಿ ಅಂತ ಕೇಳ್ಕಂಡು ಬಂದ್ರೆ ನಿನ್ ಮಗನ ತಮ್ಟೇಲಿ ಬಂತಂತೆ. ನಾನೇನೇ ಮಾಡಿದ್ದೆ ನಿಂಗೆ?"

ಬೋರಮ್ಮ ಅವಳ ಎರಡೂ ಕೈ ಹಿಡಿದುಕೊಂಡಳು. ಗೂಳಯ್ಯನನ್ನು ಅವಳ ಜೊತೆಯಲ್ಲೇ ಹಟ್ಟಿಗೆ ಅಟ್ಟಿದಳು. ಅವನು ಹಟ್ಟಿಯವರ ಮುಂದೆ ಕೈಮುಗಿದು, ನಾನು ಆಡಿದ್ದು ತಪ್ಪು ಮಾತು ಎಂದು ಹೇಳಿ, ಕಾಳಕ್ಕನಿಗೆ ಬಾವಿ ಬಿಡಿಸಿ ಬಂದ. ಮಲ್ಲಿಕಾರ್ಜುನಯ್ಯನಿಗೆ ಬೀಸಿದ ದೊಣ್ಣೆ ಕುರಿ ಕಾಯುವವಳ ಬೆನ್ನಿಗೂ ಬಿತ್ತಲ್ಲ ಎಂದು ಬೋರಮ್ಮ ಒಳಗೊಳಗೇ ಬೆಂದಳು. ಆದರೂ ಭಂಡಾರಕ್ಕೆ ಹೋಗೋಣ ಎಂದು ಅವಳ ಮನಸ್ಸು ಹೇಳಲಿಲ್ಲ.

ಅಷ್ಟರಲ್ಲಿ ರಾಮಲಕ್ಷ್ಮಿಗೆ ಹೆರಿಗೆಯಾಯಿತು. ದಿನ ತುಂಬುವ ಮೊದಲೇ ಹುಟ್ಟಿದ ಹೆಣ್ಣು ಕೂಸು, ಬೊಗಸೆಯಲ್ಲಿ ಹಿಡಿಸುವಷ್ಟಿತ್ತು. ಬಾಣಂತಿಗೆ ಬೆಲ್ಲ ಬೇಕು, ಕೊಬ್ಬರಿ ಬೇಕು, ಮೆಂತ್ಯ ಬೇಕು. ಬೋರಮ್ಮ ಶಂಭುಲಿಂಗಯ್ಯನ ಮೆಟ್ಟಿಲ ಕೆಳಗೆ ಹೋಗಿ ನಿಂತಳು. ಮೇಲೆ ನಿಂತ ಊರಿನವರಿಗೆಲ್ಲ ಕೊಟ್ಟಾದ ಮೇಲೆ ಅವನು ಇವಳ ಕಡೆ ನೋಡಿದ. ಬೆಲ್ಲ ಎಸೆದ. ಸೆರಗಿಗೆ ತಾಗಿ, ಜಾರಿ, ಮಣ್ಣಿಗೆ ಬಿತ್ತು.

"ಎತ್ಕೋ" ಅಂದ.

ಬೋರಮ್ಮ ಎತ್ತಿಕೊಳ್ಳಲಿಲ್ಲ. "ಬುದ್ದಿ, ನೀವು ನಮ್ ಸಭೆಗೆ ಬಂದು ಹೆಣ್ಮಕ್ಳ ಮರ್ಯಾದೆ ಅಂದ್ರಿ. ನಾವು ಭಂಡಾರ ಬುಟ್ಟಿರಾದು ಮರ್ಯಾದೆಗೇ. ಅಲ್ಲಾದ್ರೆ ಒಳೀಕೆ ಬುಡ್ತಿದ್ರು. ನೀವೂ ಮೇಲಕ್ಕೆ ಬುಡಿ."

ಶಂಭುಲಿಂಗಯ್ಯ ತಕ್ಕಡಿ ಕೆಳಗಿಟ್ಟ. "ಮನೇಲಿ ಬಾಣಂತಿ ಅವ್ಳೆ ಅಂತ ಸುಮ್ನಿದೀನಿ. ಹೋಗು" ಅಂದ.

ಬೋರಮ್ಮ ಮಣ್ಣಿನ ಬೆಲ್ಲವನ್ನು ಎತ್ತಿಕೊಂಡಳು. ಕೂಸು ನೆನಪಾಯಿತು, ಎತ್ತಿಕೊಂಡಳು. ಮನೆಗೆ ಬಂದು ಅದನ್ನು ತೊಳೆದಿಟ್ಟಳು. ಮೇಷ್ಟ್ರಿಗೆ ಹೇಳಿದಳು. "ಈಗ ಬೇಡ ಬೋರಕ್ಕ. ಅವನು ಸದ್ಯಕ್ಕೆ ನಮ್ಮ ಕಡೆ ಇದ್ದಾನೆ. ಮೊದಲು ಭಂಡಾರದ್ದು ಮುಗೀಲಿ" ಎಂದರು ಮೇಷ್ಟ್ರು.

"ನನ್ ಕಡೆ ಇರೋನು ನನ್ ತಲೆ ಮ್ಯಾಲೆ ಯಾಕ್ ನಿಂತವ್ನೆ ಮೇಷ್ಟ್ರೇ?"

ಮೇಷ್ಟ್ರು ಸೈಕಲ್ಲು ಹತ್ತಿ ಹೊರಟರು.

ಶಂಭುಲಿಂಗಯ್ಯ ಆ ಕಡೆ ಹೆಚ್ಚು ದಿನ ಇರಲೂ ಇಲ್ಲ. ಮಲ್ಲಿಕಾರ್ಜುನಯ್ಯನ ಜೀಪು ಚಾವಡಿಯ ಮುಂದೆ ಬಂದು ನಿಂತಿತು. ಒಳಗೆ ಹಾಲು ಕುಡಿದರು, ಬಾಳೆಹಣ್ಣು ತಿಂದರು, ನಕ್ಕರು. ಎರಡು ದಿನ ಕಳೆದು ಶಂಭುಲಿಂಗಯ್ಯನ ಅಂಗಡಿಯ ನೆತ್ತಿಗೆ ಹಸಿರು ಬೋರ್ಡು ಏರಿತು. ಸರ್ವಮಂಗಳ ಭಂಡಾರ. ಐದನೆಯದು. ಪೇಟೆಯ ಭಂಡಾರದಲ್ಲಿ ಎಲ್ಲರೂ ಒಳಗೆ ಬರಬಹುದಲ್ಲ, ಇಲ್ಲೂ ಹಾಗೇನಾ ಎಂದು ಯಾರೋ ಕೇಳಿದರಂತೆ. ಪೇಟೆಯಲ್ಲಿ ಪೇಟೆಯ ಹಾಗೆ, ಊರಲ್ಲಿ ಊರಿನ ಹಾಗೆ ಎಂದು ಮಲ್ಲಿಕಾರ್ಜುನಯ್ಯ ನಗುತ್ತ ಹೇಳಿದನಂತೆ. ಥೂ, ಇವರ ಜನ್ಮಕ್ಕಿಷ್ಟು.

ಆಮೇಲೆ ಚಾವಡಿಯಿಂದ ಗೂಳಯ್ಯನಿಗೆ ಕರೆ ಬಂತು. ಊರಿನ ತಮಟೆಯಲ್ಲಿ ಕೇರಿಯ ಮಾತು ಸಾರಿದ್ದು ಅಪರಾಧ. ಮಾರನೆಯ ಬೆಳಿಗ್ಗೆ ಅದೇ ದಾರಿಯಲ್ಲಿ ಹೋಗಿ, ಸಾರಿದ್ದು ತಪ್ಪಾಯಿತು, ಎಲ್ಲರೂ ಭಂಡಾರಕ್ಕೆ ಹೋಗಬಹುದು ಎಂದು ಸಾರಬೇಕು. ಸಾರದಿದ್ದರೆ ಇಡೀ ಕೇರಿಗೆ ಬೆಂಕಿ ನೀರಿಲ್ಲ.

ಆ ಸಂಜೆ ಮೇಷ್ಟ್ರು ಬಂದರು. ಮುಖ ಸಣ್ಣದಾಗಿತ್ತು. "ನಾನು ಹೋಗಿ ಮಾತಾಡಿದೆ ಬೋರಕ್ಕ. ಇನ್ನು ಯಾರಿಗೂ ಕುಕ್ಕೆ ಕಟ್ಟಲ್ಲ ಅಂತ ಒಪ್ಪಿದ್ದಾನೆ. ಕೆಲಸಕ್ಕೂ ವಾಪಸ್ ತಗೋತಾನೆ. ಗೆದ್ವಿ ಅಂದ್ಕೊಂಡು ಮುಗಿಸೋಣ."

"ತಟ್ಟೆ?"

"ಅದು... ಅದು ವ್ಯಾಪಾರದ ನಿಯಮ ಅಂತಾನೆ. ಅದನ್ನ ಆಮೇಲೆ ನೋಡೋಣ. ನಿಮ್ಮನೇಲಿ ಹಸುಗೂಸಿದೆ. ಬಹಿಷ್ಕಾರ ಬಿದ್ರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳ್ಬೇಕಾ?"

ಹೇಳಬೇಕಾಗಿರಲಿಲ್ಲ. ಬೋರಮ್ಮ ಒಳಗೆ ಹೋಗಿ ಕೂಸಿನ ಪಕ್ಕ ಕೂತಳು. ಅದು ಉಸಿರಾಡುವುದನ್ನು ನೋಡಿದಳು. ಎಷ್ಟೋ ವರ್ಷದ ಹಿಂದೆ ತನ್ನ ಮಡಿಲಲ್ಲಿ ಉಸಿರು ನಿಲ್ಲಿಸಿದ ಕೂಸಿಗೆ ಹೆಸರು ಕೂಡ ಇಟ್ಟಿರಲಿಲ್ಲ. ಅವಳಿಗೆ ಭಯವಾಯಿತು. ಸಾರಿಬಿಡಲಿ ಅಂದುಕೊಂಡಳು. ತಟ್ಟೆಗೆ ಉಗಿದರೆ ಏನು, ಇಷ್ಟು ವರ್ಷ ಉಗಿದಿಲ್ಲವೇ?

ಮಲಗಿದ್ದ ರಾಮಲಕ್ಷ್ಮಿ ಅತ್ತೆಯ ಮುಖ ನೋಡಿದಳು. "ಅತ್ತೆ, ಈ ಮಗಾನೂ ದೊಡ್ಡದಾಗಿ ಆ ತಟ್ಟೆ ಮುಂದೆ ನಿಂತ್ಕಬೇಕಾ?"

"ಸುಮ್ನಿರೇ" ಅಂದಳು ಬೋರಮ್ಮ.

ಬೆಳಿಗ್ಗೆ ಚಾವಡಿಯ ಮುಂದೆ ಊರೇ ಸೇರಿತ್ತು. ಕಟ್ಟೆಯ ಮೇಲೆ ಶಂಭುಲಿಂಗಯ್ಯ, ಅವನ ಪಕ್ಕ ಮಲ್ಲಿಕಾರ್ಜುನಯ್ಯ. ತಮಟೆ ಹೊಡೆಯುವ ಮೊದಲು ಅದನ್ನು ಬೆಂಕಿಗೆ ಕಾಯಿಸಿ ಬಿಗಿ ಮಾಡಬೇ‌ಕು. ಮೂಲೆಯಲ್ಲಿ ಗೂಳಯ್ಯ ಮೂರು ಕಲ್ಲಿನ ನಡುವೆ ಬೆಂಕಿ ಹಾಕಿ, ತಮಟೆಯನ್ನು ಎರಡೂ ಕೈಯಲ್ಲಿ ಅದರ ಮೇಲೆ ಹಿಡಿದು ಕೂತಿದ್ದ. ಬೋರಮ್ಮ ಹೋಗಿ ಅವನೆದುರು ಕುಕ್ಕರಿಸಿದಳು. ಮಡಿಲಲ್ಲಿ ತಂದಿದ್ದ ತೆಂಗಿನ ಚಿಪ್ಪನ್ನು ಬೆಂಕಿಗೆ ಹಾಕಿದಳು. ಚಿಪ್ಪಿನ ಬೆಂಕಿ ಜೋರು. ಇನ್ನೊಂದು ಹಾಕಿದಳು. ಮತ್ತೊಂದು ಹಾಕಿದಳು.

ಗೂಳಯ್ಯ ಅವ್ವನ ಮುಖ ನೋಡಿದ. ಚರ್ಮ ಸುಟ್ಟ ವಾಸನೆ ಏಳುತ್ತಿತ್ತು. ಅವನ ಬೆರಳೂ ಸುಡುತ್ತಿತ್ತು. ಅವನು ಕೈ ಹಿಂದಕ್ಕೆ ತೆಗೆಯಲಿಲ್ಲ.

ತಮಟೆ ಪಟಾರನೆ ಸೀಳಿತು.

ಬೋರಮ್ಮ ಎದ್ದು ನಿಂತಳು. "ಸೀಳೋಯ್ತು" ಅಂದಳು.

"ಬೇರೆ ತಗೊಂಬಾ" ಎಂದು ಶಂಭುಲಿಂಗಯ್ಯ ಗದರಿದ.

"ಬ್ಯಾರೆ ಇಲ್ಲ. ಇದ್ರೂ ಹೊಡಿಯಾಕಿಲ್ಲ. ನಿಮ್ ಮಾತ ಸಾರಿ ಸಾರಿ ನನ್ ಮಾವ ಸತ್ತ, ನನ್ ಗಂಡ ಸತ್ತ. ನನ್ ಮಗ ಸಾರಾಕಿಲ್ಲ. ಗೋಡೌನಿಗೂ ನಾನು ಬರಾಕಿಲ್ಲ, ನನ್ ಸೊಸೆ ಬರಾಕಿಲ್ಲ. ನಿಮ್ ಹಸ್ರು ಬೋರ್ಡಿನ ಮೆಟ್ಲು ತಾವ ಇನ್ಮೇಲೆ ನಾವು ಸೆರಗೂ ಒಡ್ಡಾಕಿಲ್ಲ."

ಯಾರೋ ಗೂಳಯ್ಯನ ಕಪಾಳಕ್ಕೆ ಹೊಡೆದರು. ಬಿದ್ದವನಿಗೆ ಇನ್ನೊಬ್ಬ ಒದ್ದ. ಬೋರಮ್ಮನ ಜುಟ್ಟು ಹಿಡಿದು ಬೀದಿಗೆ ತಳ್ಳಿದರು. ತಾಯಿ ಮಗ ಒಬ್ಬರನ್ನೊಬ್ಬರು ಹಿಡಿದುಕೊಂಡು ಕೇರಿಗೆ ಬಂದರು.

ಚಾವಡಿಯಲ್ಲಿ ತೀರ್ಮಾನವಾಯಿತು. ಕೇರಿಗೆ ಬಹಿಷ್ಕಾರ. ಆದರೆ ಅದನ್ನು ಸಾರುವುದು ಹೇಗೆ? ಪಕ್ಕದೂರಿನ ತಮಟೆಯವನಿಗೆ ಹೇಳಿ ಕಳಿಸಿದರು. ಗಡಿಯಲ್ಲಿ ನಮ್ಮನ್ನು ಎದುರುಗೊಳ್ಳಲು ನಿಮ್ಮೂರ ತಮಟೆ ಇಲ್ಲದೆ ನಾವು ಒಳಗೆ ಬರುವ ಹಾಗಿಲ್ಲ, ಹಿಂದಿನಿಂದ ಬಂದ ಪದ್ಧತಿ ಸ್ವಾಮಿ ಎಂದು ಅವನು ಅಂದ. ಅವನಾಚೆಯವನೂ ಅದನ್ನೇ ಅಂದ. ಸಾರದೆ ಹಾಕಿದ ಕಟ್ಟು ಕಟ್ಟಲ್ಲ ಎಂದು ಊರಿನ ಮುದುಕರು ಪಟ್ಟು ಹಿಡಿದರು. ಊರ ಯಜಮಾನನೇ ಹೋಗಿ ಬಾಯಲ್ಲಿ ಹೇಳಿ ಬರಲಿ ಅಂದರು.

ಹಾಗಾಗಿ ಮಧ್ಯಾಹ್ನದ ಬಿಸಿಲಲ್ಲಿ ಶಂಭುಲಿಂಗಯ್ಯ ಕೇರಿಗೆ ಬಂದ. ಹುಟ್ಟಿದಾಗಿನಿಂದ ಆ ಕಡೆ ಕಾಲಿಟ್ಟವನಲ್ಲ. ಪಂಚೆ ಎತ್ತಿ ಕಟ್ಟಿ, ಮೂಗಿಗೆ ಟವಲು ಹಿಡಿದುಕೊಂಡಿದ್ದ. ಹುಣಸೆ ಮರದ ಹತ್ತಿರ ನಿಂತು ಟವಲು ತೆಗೆದು ಕೂಗಿದ. ಕೂಗಿ ಅಭ್ಯಾಸವಿಲ್ಲದ ಗಂಟಲು. ಅರ್ಧಕ್ಕೇ ಕೆಮ್ಮು ಬಂತು. ಒಂದು ಬಾಗಿಲೂ ತೆರೆಯಲಿಲ್ಲ.

ಬೋರಮ್ಮ ಮನೆಯೊಳಗೆ ನೆಲದ ಮೇಲೆ ಕೂತಿದ್ದಳು. ತುಟಿ ಒಡೆದು ಊದಿತ್ತು. ಮಡಿಲಲ್ಲಿ ಕೂಸಿತ್ತು. ಗಡಿಗೆಯಲ್ಲಿ ರಾಗಿ ಹಿಟ್ಟು ಎಷ್ಟಿದೆ ಎಂದು ಅವಳಿಗೆ ಗೊತ್ತು. ಅದು ಮುಗಿದ ಮೇಲೆ ಏನು ಅನ್ನುವುದೂ ಗೊತ್ತು. ಗೊತ್ತಿದ್ದೂ ಮಾಡಿದ್ದಳು. ಅವನು ಕೂಗುತ್ತಿದ್ದ ಮಾತು ಒಂದೊಂದೂ ಅವಳ ಕಿವಿಗೆ ಬೀಳುತ್ತಿತ್ತು. ಬೆಂಕಿ ಇಲ್ಲ. ನೀರಿಲ್ಲ. ಕೂಲಿ ಇಲ್ಲ. ಉಪ್ಪಿಲ್ಲ.

ಅವಳು ಕೂಸನ್ನು ರಾಮಲಕ್ಷ್ಮಿಯ ಎದೆಗೆ ಕೊಟ್ಟು ಎದ್ದಳು. ಬಾಗಿಲಿಗೆ ಬಂದು, ಚೌಕಟ್ಟು ಹಿಡಿದು ನಿಂತು, ಮೊದಲ ಸಲ ಅವನನ್ನು ಹೆಸರು ಹಿಡಿದು ಕರೆದಳು.

"ಶಂಭುಲಿಂಗಯ್ಯ, ಕೇಳಿಸ್ನಿಲ್ಲ ಕಣ್ರೀ. ಇನ್ನೊಂದ್ಸಲ ಕೂಗಿ."